ಡೌಲಾಗಳಿಗೆ ಹೊಣೆಗಾರಿಕೆ ವಿಮೆ: ಶಿರಸಿಯಲ್ಲಿ ಕೊಂಡು ಬಳಸಿದವಳ ಅಭಿಪ್ರಾಯ

ಕೊಳ್ಳಬಹುದೇ ಎಂದು ಕೇಳಿದರೆ ಕೊಳ್ಳಿ ಎನ್ನುತ್ತೇನೆ. ಆದರೆ ಷೆಡ್ಯೂಲಿನ, ಅಂದರೆ ಪಾಲಿಸಿಯ ಜೊತೆ ಬರುವ ವಿವರಪಟ್ಟಿಯ, ಮೊದಲ ಪುಟದಲ್ಲಿ ‘ವಿಮಾದಾರರ ವೃತ್ತಿ’ ಎಂಬ ಖಾನೆಯ ಎದುರು ಏನು ಅಚ್ಚಾಗಿದೆ ಎಂದು ಓದುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಪಾಲಿಸಿಯ ಬೆಲೆಯೆಲ್ಲ ಆ ಖಾನೆಯಲ್ಲಿದೆ. ಉಳಿದ ಪುಟಗಳ ಷರತ್ತು, ಉಪಷರತ್ತುಗಳೆಲ್ಲ ಅದನ್ನು ನಂಬಿಕೊಂಡು ನಿಂತಿವೆ.

ನಾನು ಶಿರಸಿಯಲ್ಲಿ ಡೌಲಾ. ಹೆರಿಗೆ ನೋವಿನ ಹೊತ್ತಿಗೆ ಹೆಣ್ಣುಮಗಳ ಪಕ್ಕದಲ್ಲಿರುವುದು, ಸೊಂಟ ಒತ್ತುವುದು, ಬಿಸಿನೀರಿನ ಚೀಲ ಇಡುವುದು, ಯಾವ ಭಂಗಿಯಲ್ಲಿ ಕುಳಿತರೆ ನೋವು ತಾಳಿಕೊಳ್ಳಲು ಸುಲಭ ಎಂದು ತೋರಿಸುವುದು, ಬೆವರುತ್ತಾ ನಿಂತ ಗಂಡನನ್ನು ಚಹಾ ಕುಡಿದು ಬರಲು ಕಳುಹಿಸುವುದು, ಹೆರಿಗೆಯಾದ ಮೇಲೆ ಮಗುವಿಗೆ ಮೊಲೆ ಹಿಡಿಸಲು ನೆರವಾಗುವುದು ನನ್ನ ಕೆಲಸ. ಒಳಪರೀಕ್ಷೆ ಮಾಡುವುದಿಲ್ಲ, ರಕ್ತದೊತ್ತಡ ನೋಡುವುದಿಲ್ಲ, ಮಗುವಿನ ಎದೆಬಡಿತ ಎಣಿಸುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಹೆರಿಗೆ ಮಾಡಿಸುವುದಂತೂ ಇಲ್ಲವೇ ಇಲ್ಲ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ನನ್ನ ಓಡಾಟದ ಊರುಗಳು. ಕರೆ ಬಂದರೆ ಕಾರವಾರಕ್ಕೂ ಹೋಗುತ್ತೇನೆ.

ಇಷ್ಟು ಕೆಲಸಕ್ಕೆ ವಿಮೆ ಏಕೆ ಎಂಬ ಪ್ರಶ್ನೆ ಸಹಜ. ಕರಾವಳಿಯ ಒಂದು ಖಾಸಗಿ ಆಸ್ಪತ್ರೆ ನನ್ನನ್ನು ಹೆರಿಗೆ ಕೋಣೆಯೊಳಗೆ ಬಿಡಲು ಎರಡು ಕಾಗದ ಕೇಳಿತು: ತರಬೇತಿಯ ಪ್ರಮಾಣಪತ್ರ, ಸ್ವಂತ ಹೆಸರಿನ ಹೊಣೆಗಾರಿಕೆ ವಿಮೆ. ಮೊದಲನೆಯದು ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಎರಡನೆಯದನ್ನು ಹುಡುಕಲು ಹೊರಟಾಗ ನಮ್ಮ ಅತ್ತೆ, “ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರ ಸಾವಿರ ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಅವರು ಯಾವ ಕಂಪನಿಗೆ ಕಂತು ಕಟ್ಟಿದ್ದರು?” ಎಂದರು. ಅತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ವಾಡಿಕೆಯಲ್ಲ. ಆದರೂ ಕೊಟ್ಟೆ: ನರಸಮ್ಮನವರು ಯಾರಿಗೂ ರಸೀದಿ ಹರಿದು ಕೊಟ್ಟವರಲ್ಲ, ನಾನು ಕೊಡುತ್ತೇನೆ.

ಕಾನೂನಿನ ಕಣ್ಣಿಗೆ ಆ ರಸೀದಿಯೇ ಮುಖ್ಯ. ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಹೇಳಿತು. ಈಗ ಇರುವುದು 2019ರ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂತು. ಪೂರ್ತಿ ಉಚಿತವಾಗಿ ಮಾಡುವ ಸೇವೆ ಅದರ ವ್ಯಾಖ್ಯೆಯಿಂದ ಹೊರಗೆ. ಹಣ ಪಡೆದು ಮಾಡಿದ್ದು ಒಳಗೆ. ನಾನು ವೈದ್ಯಳಲ್ಲ ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ. ಶುಲ್ಕ ಪಡೆದ ಯಾರೇ ಆದರೂ ಸೇವೆಯಲ್ಲಿ ಕೊರತೆಯಾಯಿತು ಎಂಬ ದೂರನ್ನು ಎದುರಿಸಬೇಕಾಗಬಹುದು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇದೆ. ಸಿವಿಲ್ ದಾವೆಯ ಲೆಕ್ಕ ಇನ್ನೂ ಉದ್ದ. ಹಾನಿಯಾದದ್ದು ಮಗುವಿಗೆ ಎಂದಾದರೆ, ಅವಧಿ ಕಾಯ್ದೆಯ ಪ್ರಕಾರ ಆ ಮಗು ಹದಿನೆಂಟು ತುಂಬಿದ ಮೇಲೂ ಮೂರು ವರ್ಷದ ತನಕ ದಾವೆ ಹೂಡಬಹುದು. ಇವತ್ತು ಹುಟ್ಟಿದ ಕೂಸು ಕಾಲೇಜು ಮುಗಿಸುವ ಹೊತ್ತಿಗೆ ನನಗೆ ಎಪ್ಪತ್ತು ದಾಟಿರುತ್ತದೆ.

ತರಬೇತಿಯ ಗೆಳತಿಯರು ಅಮೆರಿಕದ ಪಾಲಿಸಿಯೊಂದನ್ನು ತೋರಿಸಿದರು. ಅಲ್ಲಿ ಡೌಲಾ ಎಂಬ ವೃತ್ತಿಗೆಂದೇ ಸಿದ್ಧ ಪಾಲಿಸಿಗಳಿವೆ. ಒಂದು ಘಟನೆಗೆ ಹತ್ತು ಲಕ್ಷ ಡಾಲರ್, ವರ್ಷಕ್ಕೆ ಒಟ್ಟು ಮೂವತ್ತು ಲಕ್ಷ ಡಾಲರ್ ಎಂಬ ಮಿತಿ ಅಲ್ಲಿ ಸಾಮಾನ್ಯ. ಓದಲು ಬಹಳ ಚೆನ್ನಾಗಿದೆ. ಆದರೆ ನಾನು ಓದಿದ ಪ್ರತಿಯಲ್ಲಿ ಆ ದೇಶದಲ್ಲಿ ಮಾಡಿದ ಕೆಲಸಕ್ಕೆ, ಆ ದೇಶದ ನ್ಯಾಯಾಲಯದಲ್ಲಿ ಬಂದ ದಾವೆಗೆ ಮಾತ್ರ ರಕ್ಷಣೆ ಎಂದಿತ್ತು. ಕುಮಟಾದ ಹೆರಿಗೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ನಮ್ಮಲ್ಲಿ ಸಿಗುವುದು ಸಾಮಾನ್ಯ ವಿಮಾ ಕಂಪನಿಗಳು ವೈದ್ಯರು, ನರ್ಸ್‌ಗಳು, ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರುಗಳಿಗೆ ಮಾರುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ. ವೃತ್ತಿಯಲ್ಲಿ ಆದ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಹಾನಿಯಾಯಿತು ಎಂಬ ಆರೋಪ ಬಂದರೆ ವಕೀಲರ ಖರ್ಚನ್ನೂ, ಪರಿಹಾರ ಕೊಡಬೇಕಾಗಿ ಬಂದರೆ ಅದನ್ನೂ ಕಂಪನಿ ಭರಿಸುತ್ತದೆ. ನಾನು ಕೊಂಡ ಕಂಪನಿಯ ಹೆಸರು ಹೇಳುವುದಿಲ್ಲ. ಹೊಗಳಿಕೆಗಿಂತ ದೂರು ಕೊಂಚ ಹೆಚ್ಚಿದೆ, ನವೀಕರಣವೂ ಅಲ್ಲೇ ಮಾಡಿಸಬೇಕಾಗಿದೆ.

ಏಜೆಂಟ್ ಹುಡುಗ ಪರಿಚಯದವನು, ನಮ್ಮ ಬೈಕ್, ಕಾರುಗಳ ವಿಮೆ ಮಾಡಿಸುವವನು. ಅವನ ಮೊಬೈಲಿನಲ್ಲಿ ಬಂದ ಅರ್ಜಿಯಲ್ಲಿ ವೃತ್ತಿಗಳ ಪಟ್ಟಿ ಇತ್ತು. ಬೆರಳು ಜಾರಿಸುತ್ತಾ ಹೋದ. ದಂತವೈದ್ಯರು ಬಂದರು, ಫಿಸಿಯೋಥೆರಪಿ ಬಂತು, ರಕ್ತ ಪರೀಕ್ಷೆಯ ಪ್ರಯೋಗಾಲಯ ಬಂತು. ಡೌಲಾ ಬರಲಿಲ್ಲ. “ಅಕ್ಕ, ನರ್ಸ್ ಎಂದು ಹಾಕಿಬಿಡೋಣ. ಪ್ರೀಮಿಯಂ ಕೂಡ ಕಡಿಮೆ. ಯಾರು ನೋಡುತ್ತಾರೆ?” ಎಂದ.

“ಹಣ ತೆಗೆದುಕೊಳ್ಳುವಾಗ ಯಾರೂ ನೋಡುವುದಿಲ್ಲ ತಮ್ಮ. ಕ್ಲೇಮು ಹಾಕಿದ ದಿನ ಎಲ್ಲರೂ ಕನ್ನಡಕ ಹಾಕಿಕೊಂಡು ಕೂರುತ್ತಾರೆ” ಎಂದೆ.

ಇದು ನನ್ನ ಹಟವಲ್ಲ. ವಿಮೆ ನಿಂತಿರುವುದೇ ಪರಮ ಸದ್ಭಾವನೆ ಎಂಬ ತತ್ವದ ಮೇಲೆ. ಅರ್ಜಿಯಲ್ಲಿ ಮುಖ್ಯವಾದ ಸಂಗತಿಯನ್ನು ಸುಳ್ಳು ಹೇಳಿದರೆ ಪಾಲಿಸಿಯನ್ನೇ ತಳ್ಳಿಹಾಕುವ ದಾರಿ ಕಂಪನಿಗೆ ತೆರೆದುಕೊಳ್ಳುತ್ತದೆ. ನರ್ಸ್ ಆದವರಿಗೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇರುತ್ತದೆ. ಡೌಲಾಗಳನ್ನು ನೋಂದಾಯಿಸುವ ಶಾಸನಬದ್ಧ ಮಂಡಳಿ ನಮ್ಮ ದೇಶದಲ್ಲಿ ಇಲ್ಲ. ನೋಂದಣಿ ಸಂಖ್ಯೆಯ ಖಾನೆಯಲ್ಲಿ ಏನು ತುಂಬುತ್ತೀರಿ? ಅಂಕೋಲಾ ಕಡೆಯ ನನ್ನ ಪರಿಚಯದ ಡೌಲಾ ಒಬ್ಬಳು ನರ್ಸ್ ಎಂದೇ ಬರೆಸಿ ಎರಡು ಸಲ ನವೀಕರಣ ಮಾಡಿಸಿದ್ದಾಳೆ. ಅವಳ ಪಾಲಿಸಿಯನ್ನು ತರಿಸಿಕೊಂಡು ಓದಿದೆ. ಅವಳು ಮಾಡುವ ಯಾವ ಕೆಲಸವೂ ಅದರಲ್ಲಿಲ್ಲ. ಅವಳು ಮಾಡದ, ಮಾಡಬಾರದ ಕೆಲಸಗಳಿಗೆಲ್ಲ ರಕ್ಷಣೆ ಇದೆ. ಇಂಜೆಕ್ಷನ್ ಸಹ ಇದೆ.

ಹಾಗಾಗಿ ನಾನು ಪತ್ರ ಬರೆದೆ. ಶಾಖೆಯ ಮೂಲಕ ಹುಬ್ಬಳ್ಳಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಅದು ಹೋಯಿತು. ಅಪಾಯ ಅಳೆಯುವ ಅಧಿಕಾರಿಯಿಂದ ಮೂರು ಪ್ರಶ್ನೆ ತಿರುಗಿ ಬಂದವು. ನೀವು ಹೆರಿಗೆ ಮಾಡಿಸುತ್ತೀರಾ? ಮನೆಯಲ್ಲಿ ಆಗುವ ಹೆರಿಗೆಗಳಿಗೆ ಹೋಗುತ್ತೀರಾ? ನಿಮ್ಮಿಂದ ಹಾನಿಯಾಗುವ ಸಂಭವ ಎಷ್ಟು? ಮೊದಲ ಎರಡಕ್ಕೆ ಇಲ್ಲ, ಇಲ್ಲ. ಮೂರನೆಯದಕ್ಕೆ ಕೊಕ್ರೇನ್ ಸಂಸ್ಥೆಯ 2017ರ ಸಮೀಕ್ಷೆಯ ಸಾರಾಂಶ ಲಗತ್ತಿಸಿದೆ. 26 ಪ್ರಯೋಗಗಳ, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿದ ಕೆಲಸ ಅದು. ಹೆರಿಗೆಯ ಉದ್ದಕ್ಕೂ ಜೊತೆಗಾರರಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ಈ ಬೆಂಬಲದಿಂದ ಕೆಡುಕಾದ ಪುರಾವೆ ಸಿಗಲಿಲ್ಲ ಎಂಬುದು ಅದರ ತಿರುಳು. ಜೊತೆಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾರರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೊರಡಿಸಿದ ಸೂಚನೆಯನ್ನೂ ಇಟ್ಟೆ. ಅದರಲ್ಲಿ ಜೊತೆಗಾರರೆಂದರೆ ಹೆತ್ತು ಅನುಭವವಿರುವ ಹೆಣ್ಣು ಸಂಬಂಧಿ. ಆಕೆ ಆಸ್ಪತ್ರೆಯವರ ಕೆಲಸದಲ್ಲಿ ಕೈ ಹಾಕಬಾರದು, ಕೋಣೆಯ ಬೇರೆ ಗರ್ಭಿಣಿಯರನ್ನು ನೋಡಿಕೊಳ್ಳಬಾರದು. ಹಣ ಪಡೆಯುವ ಡೌಲಾ ಆ ಸಾಲಿಗೆ ತಾನಾಗಿ ಸೇರುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ‘ಜೊತೆಗಾರರು’ ಎಂಬ ಪಾತ್ರವನ್ನು ಸರ್ಕಾರವೇ ಒಪ್ಪಿದೆ ಎಂದು ತೋರಿಸಲು ಅದು ಕೆಲಸಕ್ಕೆ ಬಂತು.

ಮಳೆಗಾಲವೆಲ್ಲ ಪತ್ರ ಓಡಾಡಿತು. ಕೊನೆಗೆ ಬಂದ ಷೆಡ್ಯೂಲಿನಲ್ಲಿ ವೃತ್ತಿಯ ಎದುರು ನಾನು ಬರೆದುಕೊಟ್ಟ ಒಕ್ಕಣೆಯೇ ಹೆಚ್ಚುಕಡಿಮೆ ಹಾಗೆಯೇ ಇತ್ತು. ವೈದ್ಯಕೀಯವಲ್ಲದ ಬೆಂಬಲ, ಗರ್ಭಿಣಿಗೆ, ಹೆರಿಗೆಯ ವೇಳೆಗೆ, ಬಾಣಂತಿಗೆ, ನೋಂದಾಯಿತ ಆಸ್ಪತ್ರೆಯಲ್ಲಿ, ಆಸ್ಪತ್ರೆಯ ಲಿಖಿತ ಅನುಮತಿಯೊಂದಿಗೆ, ಮಾಹಿತಿ, ಧೈರ್ಯ, ಭಂಗಿ, ಉಸಿರಾಟ, ಸೊಂಟ ಒತ್ತುವಿಕೆ. ಈ ಒಕ್ಕಣೆಗಾಗಿ ಪಾಲಿಸಿಗೆ ನಾನು ಅಂಕ ಕೊಡುವುದಾದರೆ ಪೂರ್ತಿ ಕೊಡುತ್ತೇನೆ. ಇದನ್ನು ಬರೆಸಿಕೊಳ್ಳುವ ಸೇವೆಗೆ ಮಾತ್ರ ಪಾಸು ಅಂಕವೂ ಕಷ್ಟ. ಎಲ್ಲವೂ ಇಂಗ್ಲಿಷ್‌ನಲ್ಲಿ. ಕನ್ನಡದ ಪ್ರತಿ ಕೇಳಿದರೆ ಶಾಖೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೊಂದು ಮಾತು: ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯ ಯಾವ ಕಚೇರಿಯಲ್ಲೂ ಯಾವ ಕಡತವೂ ಅಲುಗುವುದಿಲ್ಲ, ಆ ವರ್ಷ ನವೀಕರಣ ಜಾತ್ರೆಯ ಹೊತ್ತಿಗೆ ಬೀಳದಂತೆ ನೋಡಿಕೊಳ್ಳಿ.

ಹಣದ ಲೆಕ್ಕಕ್ಕೆ ಬರುತ್ತೇನೆ. ಮಿತಿ ಹತ್ತು ಲಕ್ಷ. ಪ್ರೀಮಿಯಂ ಮೂರು ಸಾವಿರದ ಆಸುಪಾಸು, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂದು ಎರಡು ಮಿತಿಗಳಿರುತ್ತವೆ. ಅವುಗಳ ಅನುಪಾತವನ್ನು ನಾವೇ ಆರಿಸಬಹುದು. ವರ್ಷದ ಮಿತಿಯನ್ನು ನಾಲ್ಕು ಪಾಲು ಮಾಡಿಕೊಂಡರೆ ಕಂತು ಇಳಿಯುತ್ತದೆ ಎಂದು ಏಜೆಂಟ್ ಒತ್ತಾಯಿಸಿದ. ನಾನು ಎರಡನ್ನೂ ಸಮವಾಗಿ ಇಟ್ಟೆ. ನನ್ನ ಕೆಲಸದಲ್ಲಿ ವರ್ಷಕ್ಕೆ ನಾಲ್ಕು ಸಣ್ಣ ದೂರು ಬರುವುದಿಲ್ಲ. ಬಂದರೆ ಒಂದೇ ಒಂದು, ಅದು ದೊಡ್ಡದೇ ಆಗಿರುತ್ತದೆ. ವಕೀಲರ ಖರ್ಚು ಸಹ ಈ ಹತ್ತು ಲಕ್ಷದೊಳಗಿನದೇ, ಅದಕ್ಕೆ ಬೇರೆ ಹಣವಿಲ್ಲ. ಪ್ರತಿ ಕ್ಲೇಮಿನಲ್ಲಿ ಮೊದಲ ಐದು ಸಾವಿರ ನನ್ನದು.

ಇನ್ನು, ಹೆಚ್ಚಿನವರು ಗಮನಿಸದ ವಿಚಾರ. ಕಾರಿನ ವಿಮೆಯಲ್ಲಿ ಅಪಘಾತವಾದ ದಿನ ವಿಮೆ ಇದ್ದರೆ ಸಾಕು. ಇದರಲ್ಲಿ ಹಾಗಲ್ಲ. ದೂರು ನಮ್ಮ ಕೈಗೆ ಬಂದ ದಿನವೂ ಪಾಲಿಸಿ ಜೀವಂತವಾಗಿರಬೇಕು, ದೂರಿಗೆ ಕಾರಣವಾದ ಘಟನೆ ಪಾಲಿಸಿಯಲ್ಲಿ ನಮೂದಾದ ಹಿಂದಿನ ತಾರೀಖಿನ ನಂತರ ನಡೆದಿರಬೇಕು. ಮೊದಲ ವರ್ಷ ಕೊಂಡ ದಿನವೇ ಆ ತಾರೀಖು. ಪ್ರತಿ ವರ್ಷ ತಪ್ಪದೆ ನವೀಕರಿಸಿದರೆ ಅದು ಅಲ್ಲೇ ಉಳಿಯುತ್ತದೆ. ಮರೆತು ಬಿಟ್ಟರೆ ಹೊಸ ಪಾಲಿಸಿ, ಹೊಸ ತಾರೀಖು, ಹಿಂದಿನ ಹೆರಿಗೆಗಳೆಲ್ಲ ರಕ್ಷಣೆಯಿಂದ ಹೊರಗೆ. ಕಂಪನಿ ಬದಲಿಸುವವರು ಹಳೆಯ ತಾರೀಖನ್ನು ಹೊಸಬರು ಒಪ್ಪುತ್ತಾರೆಯೇ ಎಂದು ಬರೆಹದಲ್ಲಿ ಕೇಳಬೇಕು. ಕೆಲಸ ಬಿಟ್ಟ ಮೇಲೆ ಬರುವ ದೂರುಗಳಿಗೆ ವಿಸ್ತರಿತ ಅವಧಿ ಕೊಡುತ್ತೀರಾ ಎಂದು ಕೇಳಿದೆ. ‘ನಿವೃತ್ತಿಯ ವೇಳೆ ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದಿದೆ. ಇಪ್ಪತ್ತೊಂದು ವರ್ಷದ ಬಾಲವಿರುವ ಕೆಲಸಕ್ಕೆ ಒಂದೊಂದು ವರ್ಷದ ಪಾಲಿಸಿ ಮಾರುವುದು ನನಗಿನ್ನೂ ಸರಿಕಾಣುವುದಿಲ್ಲ.

ಈಗ ರಸ್ತೆಯ ವಿಷಯ. ಬೆಂಗಳೂರಿನ ಡೌಲಾಗಳಿಗೆ ಟ್ರಾಫಿಕ್ ಎಂಬ ಒಂದೇ ತೊಂದರೆ. ಈ ಜಿಲ್ಲೆಯಲ್ಲಿ ನನ್ನ ಕೆಲಸಕ್ಕೆ ಇರುವ ದೊಡ್ಡ ಅಪಾಯ ರಸ್ತೆಯೇ. ಶಿರಸಿಯಿಂದ ಕುಮಟಾಕ್ಕೆ ಇಳಿಯಬೇಕಾದರೆ ದೇವಿಮನೆ ಘಟ್ಟ. ಜೋರು ಮಳೆಗೆ ಅಲ್ಲಿ ಮಣ್ಣು ಜಾರಿದರೆ ಸುತ್ತಿ ಬಳಸಿ ಹೋಗಬೇಕು, ಹೆರಿಗೆ ನಮಗಾಗಿ ಕಾಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಸದಾಶಿವಗಡದ ಕಡೆಯ ಗರ್ಭಿಣಿಯರು ಕಾರವಾರಕ್ಕೆ ಬರುವ ದಾರಿ ಅದು. ಹೊಸ ಸೇತುವೆ ಪಕ್ಕದಲ್ಲಿದ್ದುದರಿಂದ ಬಚಾವ್. ಆ ಮಳೆಗಾಲದಲ್ಲಿ ನನ್ನ ಪಟ್ಟಿಯಲ್ಲಿ ಹೆದ್ದಾರಿಯ ಆಚೆಗೂ ಈಚೆಗೂ ದಿನ ತುಂಬಿದವರಿದ್ದರು.

ಹಾಗಾಗಿ ನಾನು ಕಂಪನಿಗೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು ಇದು: ಘಟ್ಟ ಮುಚ್ಚಿ ನಾನು ತಲುಪಲಾಗದೆ, ಆ ಮನೆಯವರು ದೂರು ಕೊಟ್ಟರೆ? ಉತ್ತರ ಎರಡು ಸಾಲಿನದು. ತಲುಪದಿರುವುದು ಒಪ್ಪಂದದ ಪ್ರಶ್ನೆ, ವೃತ್ತಿಯ ಅಜಾಗರೂಕತೆಯಲ್ಲ. ಒಪ್ಪಂದ ಮುರಿದುದಕ್ಕೆ ರಕ್ಷಣೆ ಇಲ್ಲ, ಪಡೆದ ಶುಲ್ಕ ಹಿಂತಿರುಗಿಸುವುದಕ್ಕೂ ಇಲ್ಲ. ಕಾನೂನಿನ ಪ್ರಕಾರ ಇದು ಸರಿಯಿರಬಹುದು. ಆದರೆ ನನ್ನ ಗ್ರಾಹಕರಲ್ಲಿ ಯಾರಿಗಾದರೂ ನನ್ನ ಮೇಲೆ ಸಿಟ್ಟು ಬರುವುದಾದರೆ ಅದು ಈ ಕಾರಣಕ್ಕೇ. ಅಂದರೆ ಅತಿ ಹೆಚ್ಚು ಸಂಭವವಿರುವ ದೂರಿಗೇ ಈ ಪಾಲಿಸಿ ಬೆನ್ನು ತೋರಿಸುತ್ತದೆ. ಅದಕ್ಕೆ ಪರಿಹಾರ ವಿಮೆಯಲ್ಲಿಲ್ಲ, ನಮ್ಮ ಒಪ್ಪಂದ ಪತ್ರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕೆಳಗಿನ ಹೆರಿಗೆಗೆ ಕುಮಟಾದ ಇನ್ನೊಬ್ಬ ಡೌಲಾಳ ಹೆಸರನ್ನೂ ಬರೆದು ಇಬ್ಬರ ಸಹಿ ಹಾಕಿಸುತ್ತೇನೆ. ಅವಳಿಗೂ ಸ್ವಂತ ಪಾಲಿಸಿ ಇರಬೇಕು ಎಂಬುದು ನನ್ನ ಷರತ್ತು.

ರಸ್ತೆಗೆ ಸಂಬಂಧಿಸಿದ್ದೇ ಇನ್ನೊಂದು ಪ್ರಶ್ನೆ ಇತ್ತು. ಗರ್ಭಿಣಿಯ ಜೊತೆ ಕಾರಿನಲ್ಲಿದ್ದಾಗ, 108ರ ಆಂಬುಲೆನ್ಸ್ ಬರುವ ಮೊದಲೇ ಮಗು ಬಂದುಬಿಟ್ಟರೆ? ಪಾಲಿಸಿಯಲ್ಲಿ ಆಸ್ಪತ್ರೆಯ ಹೊರಗಿನ ಹೆರಿಗೆಗೆ ರಕ್ಷಣೆ ಇಲ್ಲ ಎಂದಿದೆ. ಇದನ್ನು ನಾನು ಒಪ್ಪುತ್ತೇನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ; ಬೇಕೆಂದೇ ಮನೆಯಲ್ಲಿ ಹೆರುತ್ತೇನೆ ಎನ್ನುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಆದರೆ ಘಟ್ಟದ ತಿರುವಿನಲ್ಲಿ ಬರುವ ಮಗುವನ್ನು ಬೇಡ ಎನ್ನಲಾದೀತೇ? ಅನಿವಾರ್ಯವಾದ ತುರ್ತಿನಲ್ಲಿ ಮಾಡಿದ ಪ್ರಥಮ ಚಿಕಿತ್ಸೆಗೆ ರಕ್ಷಣೆ ಇದೆ ಎಂದು ಇಮೇಲ್‌ನಲ್ಲಿ ಹೇಳಿದರು. ಇಮೇಲ್ ಪಾಲಿಸಿಯಲ್ಲ. ಎಂಡಾರ್ಸ್‌ಮೆಂಟ್ ಮಾಡಿಕೊಡಿ ಎಂದು ಹಿಂದೆ ಬಿದ್ದೆ. ಪಾಲಿಸಿಗೆ ಅಂಟಿಸಿದ ಅರ್ಧ ಪುಟದ ಆ ಕಾಗದ ಬಂದಿದೆ. ಅದಕ್ಕೆ ಹೆಚ್ಚುವರಿ ಹಣ ಕೇಳಲಿಲ್ಲ.

ತರಗತಿಯ ವಿಷಯದಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಮನೆಯ ಜಗಲಿಯಲ್ಲಿ ಗರ್ಭಿಣಿಯರಿಗೆ ತರಗತಿ ಮಾಡುತ್ತೇನೆ, ಅವರು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕುಳಿತು ಸೊಂಟ ಆಡಿಸುತ್ತಾರೆ. ಯಾರಾದರೂ ಜಾರಿ ಬಿದ್ದರೆ ಅದು ಸ್ಥಳದ ಹೊಣೆ, ವೃತ್ತಿ ವಿಮೆಗೆ ಸೇರುವುದಿಲ್ಲ. ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಬೇಕು ಎಂದ ಏಜೆಂಟ್, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಅರ್ಜಿಯನ್ನು ತಂದುಕೊಟ್ಟ. ಅದು ಭೋಪಾಲ್ ದುರಂತದ ನಂತರ, ಅಪಾಯಕಾರಿ ವಸ್ತುಗಳನ್ನು ಬಳಸುವ ಕಾರ್ಖಾನೆಗಳಿಗಾಗಿ ಬಂದ ಕಾನೂನು. ಅರ್ಜಿಯಲ್ಲಿ ‘ದಾಸ್ತಾನು ಇರುವ ರಾಸಾಯನಿಕಗಳು’ ಎಂದು ಕೇಳಿದ್ದರು. ನನ್ನ ಚೆಂಡಿನಲ್ಲಿರುವುದು ಬರೀ ಗಾಳಿ. ಅಂಗಡಿ, ತರಗತಿಗಳಿಗೆ ಸಿಗುವ ಸಾದಾ ಪಾಲಿಸಿ ಬೇರೆ ಇದೆ, ಅದನ್ನೇ ಹೆಸರು ಹಿಡಿದು ಕೇಳಬೇಕು. ಗೋಕರ್ಣಕ್ಕೆ ಚಳಿಗಾಲ ಕಳೆಯಲು ಬರುವ ವಿದೇಶಿಯರೂ ಒಮ್ಮೊಮ್ಮೆ ವಿಚಾರಿಸುತ್ತಾರೆ. ಅವರ ವಿಷಯದಲ್ಲಿ ಪಾಲಿಸಿ ನೇರವಾಗಿದೆ: ಭಾರತದಲ್ಲಿ ಮಾಡಿದ ಕೆಲಸ, ಭಾರತದ ನ್ಯಾಯಾಲಯ. ಅವರು ತಮ್ಮ ದೇಶಕ್ಕೆ ಹೋಗಿ ದಾವೆ ಹೂಡಿದರೆ ನಾನು ಒಂಟಿ.

ಪಾಲಿಸಿಯನ್ನು ಬಳಸುವ ಪ್ರಸಂಗ ಕಳೆದ ವರ್ಷ ಬಂತು. ಕರಾವಳಿಯ ಕುಟುಂಬವೊಂದರ ವಕೀಲರಿಂದ ನೋಟಿಸು. ನೋವು ಶುರುವಾದ ಮೇಲೂ ಮನೆಯಲ್ಲೇ ಇರಿ ಎಂದು ನಾನು ಹೇಳಿದ್ದರಿಂದ ಆಸ್ಪತ್ರೆಗೆ ಹೋಗುವುದು ತಡವಾಯಿತು, ಸಿಸೇರಿಯನ್ ಆಯಿತು, ಆಸ್ಪತ್ರೆಯ ಬಿಲ್ಲು ಮತ್ತು ಮಾನಸಿಕ ಯಾತನೆಗೆ ನಾಲ್ಕು ಲಕ್ಷ ಕೊಡಬೇಕು ಎಂದಿತ್ತು. ತಾಯಿ, ಮಗು ಚೆನ್ನಾಗಿದ್ದರು. ನಾನು ಹೇಳಿದ್ದು ಬೇರೆ. ನೀರು ಒಡೆದಿದೆ ಎಂದು ಗಂಡ ಫೋನ್ ಮಾಡಿದಾಗ, ಈಗಲೇ ವೈದ್ಯರಿಗೆ ಕರೆ ಮಾಡಿ, ಅವರು ಹೇಳಿದಂತೆ ಹೊರಡಿ ಎಂದಿದ್ದೆ. ಅದನ್ನೇ ಸಂದೇಶದಲ್ಲೂ ಕಳುಹಿಸಿದ್ದೆ, ವೇಳೆ ಸಮೇತ ಮೊಬೈಲಿನಲ್ಲಿತ್ತು. ಅವರು ಹೊರಟದ್ದು ಮನೆಯ ಹಿರಿಯರು ರಾಹುಕಾಲ ಕಳೆಯಲಿ ಎಂದ ಮೇಲೆ.

ನೋಟಿಸು ಬಂದ ಕೂಡಲೇ ಕಂಪನಿಗೆ ಬರೆಹದಲ್ಲಿ ತಿಳಿಸಬೇಕು, ಅವರ ಒಪ್ಪಿಗೆಯಿಲ್ಲದೆ ಉತ್ತರ ಕೊಡಬಾರದು, ತಪ್ಪು ಒಪ್ಪಬಾರದು, ಹಣ ಕೊಟ್ಟು ಮುಗಿಸುತ್ತೇನೆ ಎನ್ನಬಾರದು. ಈ ಕೊನೆಯ ಷರತ್ತು ನನಗೆ ಮುಳ್ಳಾಯಿತು. ನಮ್ಮ ಕಡೆ ಏನಾದರೂ ಹೆಚ್ಚುಕಡಿಮೆಯಾದರೆ ಊರಿನ ನಾಲ್ಕು ಜನ ಕೂತು ಮಾತಾಡುತ್ತಾರೆ, ಆ ಮನೆಗೆ ಹೋಗಿ ಕವಳ ಹಾಕಿ ಕೂತರೆ ಅರ್ಧ ಸಿಟ್ಟು ಇಳಿಯುತ್ತದೆ. ನನಗೆ ಹೋಗಬೇಕೆನಿಸಿತ್ತು. ಬಾಣಂತಿಯನ್ನು ನೋಡಿ ಬರುವುದೂ ತಪ್ಪೊಪ್ಪಿಗೆಯಾಗುತ್ತದೆಯೇ ಎಂದು ಇಮೇಲ್‌ನಲ್ಲಿ ಕಂಪನಿಯನ್ನು ಕೇಳಿದೆ. ಸಹಾನುಭೂತಿ ತೋರಿಸಬಹುದು, ಯಾರ ತಪ್ಪು ಎಂಬ ಮಾತು ಬೇಡ ಎಂದು ಉತ್ತರ ಬಂತು. ಹೋಗಲಿಲ್ಲ. ಆ ಹುಡುಗಿ ನನಗೆ ಏನೂ ಕೆಟ್ಟದ್ದು ಮಾಡಿದವಳಲ್ಲ, ನೋಟಿಸಿನಲ್ಲಿ ಅವಳ ಸಹಿಯೂ ಇರಲಿಲ್ಲ.

ಕ್ಲೇಮು ವಿಭಾಗದ ಕೆಲಸ ಮಾತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿತ್ತು. ಶಾಖೆಯ ನಿಧಾನಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹುಬ್ಬಳ್ಳಿಯ ವಕೀಲರೊಬ್ಬರನ್ನು ಒದಗಿಸಿದರು. ಅವರು ಮೊದಲು ಕೇಳಿದ್ದು ಷೆಡ್ಯೂಲಿನ ಮೊದಲ ಪುಟವನ್ನು, ಆಮೇಲೆ ನನ್ನ ಒಪ್ಪಂದ ಪತ್ರ, ಸಂದೇಶಗಳು, ನಾನು ಪ್ರತಿ ಕರೆಯ ನಂತರ ಬರೆದಿಡುವ ವೇಳೆಯ ಪುಸ್ತಕ. “ನೀವು ನರ್ಸ್ ಎಂದು ಬರೆಸಿದ್ದರೆ, ಒಳಪರೀಕ್ಷೆ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೂ ನಾನು ಉತ್ತರ ಹುಡುಕಬೇಕಿತ್ತು” ಎಂದರು. ಉತ್ತರ ಕಳುಹಿಸಿದರು. ಪ್ರಕರಣ ದಾಖಲಾಗಿಲ್ಲ, ಎರಡು ವರ್ಷದ ಅವಧಿ ಇನ್ನೂ ಮುಗಿದಿಲ್ಲ. ವಕೀಲರ ಶುಲ್ಕದಲ್ಲಿ ಮೊದಲ ಐದು ಸಾವಿರ ನಾನು ಕೊಟ್ಟೆ, ಉಳಿದದ್ದು ಕಂಪನಿಯದು. ಉಳಿದದ್ದು ಬಹಳವೇನೂ ಇರಲಿಲ್ಲ. ಆದರೂ ಹುಬ್ಬಳ್ಳಿಗೆ ಹೋಗಿ ಇಂಥ ವಕೀಲರನ್ನು ನಾನೇ ಹುಡುಕಬೇಕಾಗಿದ್ದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ಕೊರತೆ ಆಗ ಕಣ್ಣಿಗೆ ಬಿತ್ತು. ದೇಹಕ್ಕೆ ಆದ ಹಾನಿಯ ಜೊತೆಗೆ ಬಂದರೆ ಮಾತ್ರ ಮಾನಸಿಕ ಯಾತನೆಗೆ ರಕ್ಷಣೆ. ಬರೀ ಯಾತನೆ ಎಂದು ದೂರು ಬಂದರೆ ಇಲ್ಲ. ಡೌಲಾ ಕೆಲಸವಿರುವುದೇ ಮಾತಿನಲ್ಲಿ, ಧೈರ್ಯ ಹೇಳುವುದರಲ್ಲಿ. ನಮ್ಮ ಮೇಲೆ ಬರಬಹುದಾದ ದೂರೂ ಹೆಚ್ಚಾಗಿ ಮಾತಿನದೇ ಆಗಿರುತ್ತದೆ. ಈ ಪಾಲಿಸಿಯ ಮೂಲ ಅಚ್ಚು ವೈದ್ಯರಿಗಾಗಿ ಹೊಯ್ದದ್ದು ಎಂಬುದು ಇಲ್ಲಿ ಬಯಲಾಗುತ್ತದೆ.

ಕಂಪನಿ ಕ್ಲೇಮು ನಿರಾಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ವಿಮೆಯ ದೂರುಗಳನ್ನು ಆಲಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಡ, ಐವತ್ತು ಲಕ್ಷದ ತನಕ ಅವರ ಅಧಿಕಾರ. ನನಗೆ ಅಲ್ಲಿಗೆ ಹೋಗುವ ಅಗತ್ಯ ಬರಲಿಲ್ಲ.

ಯಾರಿಗೆ ಬೇಡ? ಅಕ್ಕತಂಗಿಯರ, ನೆಂಟರ ಹೆರಿಗೆಗೆ ಹಣ ಪಡೆಯದೆ ಹೋಗುವವರಿಗೆ ಬೇಡ. ಆಸ್ಪತ್ರೆಯೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರೆ ಅವರ ಪಾಲಿಸಿಯಲ್ಲಿ ನಿಮ್ಮ ಹೆಸರು ಸೇರಿದೆಯೇ ಎಂದು ಮೊದಲು ಕೇಳಿ. ಬಾಣಂತನಕ್ಕೆ ಹೋಗಿ ತಾಯಿ, ಮಗುವಿಗೆ ಎಣ್ಣೆಸ್ನಾನ ಮಾಡಿಸುವವರಿಗೆ ಇದು ಬೇಕು, ಆದರೆ ನನ್ನ ಒಕ್ಕಣೆ ಸಾಲದು. ಹಂಡೆಯ ಬಿಸಿನೀರು, ಧೂಪದ ಕೆಂಡ, ಮನೆಯಲ್ಲೇ ಕಾಯಿಸಿ ಮಾರುವ ಎಣ್ಣೆ ಯಾವುದೂ ಅದರಲ್ಲಿಲ್ಲ. ಎಣ್ಣೆಯನ್ನು ಮಾರಿದರೆ ಅದು ವಸ್ತುವಿನ ಹೊಣೆ, ಅದಕ್ಕೆ ಇನ್ನೊಂದು ಪಾಲಿಸಿ. ಅಂಕೋಲಾದವಳಿಗಾಗಿ, ಸ್ನಾನವನ್ನು ಸೇರಿಸಲು ಎಷ್ಟಾಗುತ್ತದೆ ಎಂದು ಈ ಸಲ ನವೀಕರಣದ ವೇಳೆ ಕೇಳಿದೆ. ಮೂಲ ಕಂತಿನ ಅರ್ಧದಷ್ಟು ಹೆಚ್ಚುವರಿ ಎಂದರು. ಅವಳಿಗೆ ಹೇಳಿದ್ದೇನೆ, ಕೊಡು, ಆದರೆ ಮೊದಲು ಆ ನರ್ಸ್ ಎಂಬುದನ್ನು ತೆಗೆಸು ಎಂದು. ಯೋಚಿಸುತ್ತೇನೆ ಅಕ್ಕ ಎಂದಿದ್ದಾಳೆ.